ಸೆಖೆ ಬೇರೆ, ಸುಡುವ ಬಿಸಿಲು ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸಕ್ಕೋ ಓದಿಗೋ ಬಿಸಿಲಿನ ದೇಶಕ್ಕೆ ಹೋಗಿ ನೆಲೆಸಿದ ಓದುಗರ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಕಳೆದ ಭಾನುವಾರ ಇಲ್ಲಿ ಬರೀ 22 ಡಿಗ್ರಿ. ತಣ್ಣನೆ ಗಾಳಿ, ಅರ್ಧ ಆಕಾಶ ಮೋಡ. ಎರಡು ಗಂಟೆ ಮೈದಾನದಲ್ಲಿ ಕೂತಿದ್ದೆವು, ಅಷ್ಟೆ. ರಾತ್ರಿ ಹೊತ್ತಿಗೆ ಮೂಗು, ಕತ್ತು ಉರಿಯತೊಡಗಿತು. ಸೆಖೆಯೇ ಇಲ್ಲದ ದಿನ ಚರ್ಮ ಸುಡುವುದು ಹೇಗೆ?

ಉತ್ತರ: ಮೈಗೆ ಕಾವು ತಗಲಿಸುವ ಕಿರಣ ಬೇರೆ, ಚರ್ಮ ಸುಡುವ ಕಿರಣ ಬೇರೆ. ಬಿಸಿಲು ಚುರುಕಾಗಿದೆ ಎಂದು ನಮಗೆ ಗೊತ್ತಾಗುವುದು ಮುಖ್ಯವಾಗಿ ಅವಕೆಂಪು ಕಿರಣದಿಂದ ಮತ್ತು ಸುತ್ತಲಿನ ಗಾಳಿಯ ಬಿಸಿಯಿಂದ. ಚರ್ಮವನ್ನು ಹಾಳುಮಾಡುವುದು ಅತಿನೇರಳೆ ಕಿರಣ, ಎಲ್ಲರ ಬಾಯಲ್ಲಿರುವ ಯುವಿ. ಅದು ಕಣ್ಣಿಗೆ ಕಾಣದು, ಬಿಸಿ ಎಂದೂ ಅನಿಸದು. ತಂಗಾಳಿಯ ದಿನವೇ ಜನ ಹೆಚ್ಚು ಸುಟ್ಟುಕೊಳ್ಳುತ್ತಾರೆ. ‘ಸಾಕಪ್ಪಾ ಈ ಬಿಸಿಲು’ ಎಂದು ಎದ್ದು ನೆರಳಿಗೆ ಹೋಗುವ ಹೊತ್ತು ಅಂಥ ದಿನ ಬರುವುದೇ ಇಲ್ಲ.

ಹಾಗಾಗಿ ಹವಾಮಾನದ ಪುಟ ತೆರೆದಾಗ ಡಿಗ್ರಿಯ ಜೊತೆ ಯುವಿ ಸೂಚ್ಯಂಕವನ್ನೂ ನೋಡಿ. ಬಹುತೇಕ ಫೋನುಗಳಲ್ಲಿ ಅದು ಸ್ವಲ್ಪ ಕೆಳಗೆ ಇರುತ್ತದೆ. 1992ರಲ್ಲಿ ಕೆನಡಾ ಶುರುಮಾಡಿದ ಈ ಅಳತೆಯನ್ನು ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಎಲ್ಲ ದೇಶಗಳಿಗೂ ಒಂದೇ ಆಗುವಂತೆ ಹೊಂದಿಸಿದವು. 2ರವರೆಗೆ ಕಡಿಮೆ, 3ರಿಂದ 5 ಮಧ್ಯಮ, 6 ಮತ್ತು 7 ಹೆಚ್ಚು, 8ರಿಂದ 10 ಬಹಳ ಹೆಚ್ಚು, 11 ಮತ್ತು ಅದರ ಮೇಲೆ ವಿಪರೀತ. 3 ಮುಟ್ಟಿತೆಂದರೆ ರಕ್ಷಣೆ ಬೇಕು. ಅಂಕಿಯ ಲೆಕ್ಕ ನೇರ: 6 ಇದ್ದ ದಿನ ಒಂದು ಗಂಟೆಯಲ್ಲಿ ಬೀಳುವ ಪೆಟ್ಟು 12 ಇದ್ದ ದಿನ ಅರ್ಧ ಗಂಟೆಯಲ್ಲೇ ಬೀಳುತ್ತದೆ.

ಪುಟದಲ್ಲಿ ದೊಡ್ಡದಾಗಿ ತೋರಿಸುವ ಅಂಕಿ ಸಾಮಾನ್ಯವಾಗಿ ಆ ದಿನದ ಗರಿಷ್ಠ. ಅದನ್ನೇ ನೋಡಿ ಹೆದರಿ ಮನೆಯೊಳಗೆ ಕೂರಬೇಕಿಲ್ಲ. ಗಂಟೆಗಂಟೆಯ ಗೆರೆ ನೋಡಿದರೆ ಯಾವ ಹೊತ್ತಿಗೆ 3 ದಾಟುತ್ತದೆ, ಯಾವ ಹೊತ್ತಿಗೆ ಮತ್ತೆ ಇಳಿಯುತ್ತದೆ ಎಂದು ತಿಳಿಯುತ್ತದೆ. ನಡಿಗೆ, ಸಂತೆ, ಮಕ್ಕಳ ಆಟ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಒಂದು ಗಂಟೆಗೋ ಇನ್ನೂ ತಡವಾಗಿಯೋ. ಅಲ್ಲಿ ‘ಮೂರು ಗಂಟೆ ಆಯಿತಲ್ಲ, ಬಿಸಿಲು ಇಳಿದಿರುತ್ತದೆ’ ಎಂಬ ಲೆಕ್ಕ ತಪ್ಪುತ್ತದೆ. ಫೋನು ಕೈಯಲ್ಲಿಲ್ಲದಾಗ ನಿಮ್ಮ ನೆರಳನ್ನೇ ನೋಡಿ. ಅದು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಯುವಿ ಜೋರಾಗಿದೆ.

ಮೋಡವನ್ನು ನಂಬಬೇಡಿ. ತೆಳು ಮೋಡದ ಮೂಲಕ ಯುವಿಯ ಶೇ 80ರಷ್ಟು ತೂರಿ ಬರಬಲ್ಲದು. ಬಿಡಿ ಬಿಡಿ ಬಿಳಿ ಮೋಡಗಳಿದ್ದಾಗ ಅವುಗಳ ಅಂಚಿಗೆ ತಾಗಿ ಚದುರಿದ ಕಿರಣವೂ ಸೇರಿ, ಸ್ವಲ್ಪ ಹೊತ್ತು ನಿಚ್ಚಳ ಆಕಾಶಕ್ಕಿಂತ ಹೆಚ್ಚೇ ಬೀಳುವುದುಂಟು. ಎತ್ತರದ ಊರಾದರೆ ಪ್ರತಿ 1,000 ಮೀಟರಿಗೆ ಯುವಿ ಸುಮಾರು ಶೇ 10 ಏರುತ್ತದೆ. ಬೆಟ್ಟದ ಊರು ತಂಪಾಗಿದ್ದರೂ ಬಿಸಿಲು ಹರಿತ. ಒಣ ಮರಳು ಶೇ 15, ಸಮುದ್ರದ ನೊರೆ ಶೇ 25ರಷ್ಟು ಯುವಿಯನ್ನು ಹಿಂದಕ್ಕೆ ಎರಚುತ್ತವೆ. ಕಡಲತೀರದಲ್ಲಿ ಕೊಡೆಯ ಕೆಳಗೆ ಕೂತವರ ಗದ್ದದ ಅಡಿ, ಮೂಗಿನ ಕೆಳಗೆ ಸುಡುವುದು ಇದರಿಂದಲೇ. ನೀರಿನೊಳಗೂ ಬಚಾವಿಲ್ಲ. ಅರ್ಧ ಮೀಟರ್ ಆಳದಲ್ಲಿ ಇನ್ನೂ ಶೇ 40ರಷ್ಟು ಉಳಿದಿರುತ್ತದೆ, ಈಜುವವರ ಬೆನ್ನು ಇರುವುದು ಅದಕ್ಕಿಂತ ಮೇಲೆ.

ಪ್ರಶ್ನೆ: ನನ್ನದು ಗೋಧಿ ಮೈಬಣ್ಣ, ನಮ್ಮ ಯಜಮಾನರದು ಎಣ್ಣೆಗಪ್ಪು. ಬಿಳಿ ಚರ್ಮದವರಿಗೆ ಸನ್‌ಸ್ಕ್ರೀನ್ ಬೇಕು, ಸರಿ. ನಮಗೂ ಬೇಕೇ, ಇಲ್ಲ ಮಾರುವವರ ಕಿತಾಪತಿಯೇ?

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಿಜಕ್ಕೂ ಯುವಿಯನ್ನು ತಡೆಯುತ್ತದೆ. ಕಡುಗಪ್ಪು ಚರ್ಮದ ಮೇಲ್ಪದರ ಸುಮಾರು 13ರ ಎಸ್‌ಪಿಎಫ್‌ನಷ್ಟು (ಸನ್‌ಸ್ಕ್ರೀನಿನ ತಡೆಯನ್ನು ಹೇಳುವ ಅಂಕಿ), ಬಿಳಿ ಚರ್ಮದ್ದು 3ರ ಆಸುಪಾಸು ತಡೆಯುತ್ತದೆ ಎಂದು ಹಳೆಯ ಪ್ರಯೋಗಾಲಯದ ಅಳತೆಗಳು ಹೇಳುತ್ತವೆ. ಕಂದು ಚರ್ಮ ಇವೆರಡರ ನಡುವೆ. ಅಂದರೆ ನಿಮಗೆ ಸುಡಲು ಹೆಚ್ಚು ಹೊತ್ತು ಬೇಕು, ಆದರೆ ಸುಡುವುದೇ ಇಲ್ಲ ಎಂದಲ್ಲ. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಸುಟ್ಟಿದೆಯೆಂದೇ ಅನೇಕರಿಗೆ ತಿಳಿಯದು. ಮುಟ್ಟಿದರೆ ಬಿಸಿ, ಬಿಗಿತ, ತುರಿಕೆ, ಕೆಲವು ದಿನಗಳ ಮೇಲೆ ಸಿಪ್ಪೆ ಏಳುವುದು ಇದ್ದರೆ ಅದು ಸುಟ್ಟದ್ದೇ.

ನಮ್ಮಂಥ ಮೈಬಣ್ಣದವರನ್ನು ಹೆಚ್ಚು ಕಾಡುವುದು ಬಣ್ಣಗೆಡುವಿಕೆ. ಕೆನ್ನೆ, ಹಣೆಯ ಮೇಲಿನ ಬಂಗು ಬಿಸಿಲಿನ ದೇಶಕ್ಕೆ ಹೋದ ಕೆಲವೇ ತಿಂಗಳಲ್ಲಿ ಗಾಢವಾಗುವುದುಂಟು. ಮೊಡವೆ ಕಲೆ, ಗಾಯದ ಗುರುತು ಬೇಗ ಮಾಸುವುದಿಲ್ಲ. ಬಂಗಿನ ವಿಷಯದಲ್ಲಿ ಯುವಿ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಪಾತ್ರ ವಹಿಸುತ್ತದೆ. ಅದನ್ನು ಸಾಮಾನ್ಯ ಸನ್‌ಸ್ಕ್ರೀನ್ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಬೇಕು. ಬಂಗಿಗೆ ಔಷಧ ಹಚ್ಚುತ್ತಾ ಬರೀ ಬಿಳಿ ಕ್ರೀಮು ಬಳಸಿ ‘ಗುಣವೇ ಇಲ್ಲ’ ಎನ್ನುವವರು ಮೊದಲು ಇದನ್ನು ಬದಲಿಸಿ ನೋಡಬೇಕು.

ಚರ್ಮದ ಕ್ಯಾನ್ಸರ್ ಕಂದು, ಕಪ್ಪು ಚರ್ಮದವರಲ್ಲಿ ಬಹಳ ಅಪರೂಪ. ಅದರಲ್ಲಿ ಮೆಲನೋಮಾ ಎಂಬ ಅಪಾಯದ ಬಗೆ ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ, ಬಿಸಿಲೇ ಬೀಳದ ಕಡೆ ಬರುತ್ತದೆ. ಗಾಯಕ ಬಾಬ್ ಮಾರ್ಲೆ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಈ ಬಗೆಯದನ್ನು ಸನ್‌ಸ್ಕ್ರೀನ್ ತಡೆಯುವುದಿಲ್ಲ, ನೋಡಿ ಪತ್ತೆ ಹಚ್ಚಬೇಕಷ್ಟೆ. ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಅಂಗಾಲು ತಿರುಗಿಸಿ ನೋಡಿಕೊಳ್ಳಿ. ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಮಚ್ಚೆ, ಒಂದೇ ಉಗುರಿನಲ್ಲಿ ಉದ್ದಕ್ಕೆ ಎದ್ದು ದಪ್ಪವಾಗುತ್ತಿರುವ ಕಪ್ಪು ಪಟ್ಟಿ, ವಾರಗಟ್ಟಲೆ ಮಾಯದ ಹುಣ್ಣು ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ. ಹಲವು ಉಗುರುಗಳಲ್ಲಿ ತೆಳ್ಳಗೆ ಕಂದು ಗೆರೆಗಳಿರುವುದು ನಮ್ಮ ಮೈಬಣ್ಣದವರಲ್ಲಿ ಸಹಜ.

ಪ್ರಶ್ನೆ: ಅಂಗಡಿಯಲ್ಲಿ ಸಾಲು ಸಾಲು ಸನ್‌ಸ್ಕ್ರೀನ್. ಒಂದರ ಮೇಲೆ 30, ಇನ್ನೊಂದರ ಮೇಲೆ 50, ಮತ್ತೊಂದರಲ್ಲಿ ಪಿಎ ಎಂದು ಬರೆದು ನಾಲ್ಕು ಪ್ಲಸ್ ಗುರುತು. ಯಾವುದನ್ನು ಕೊಳ್ಳಲಿ?

ಉತ್ತರ: ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣದ ತಡೆಯನ್ನು. ನಿಗದಿಯಾದ ದಪ್ಪಕ್ಕೆ ಹಚ್ಚಿದರೆ 30ರದ್ದು ಮೂವತ್ತರಲ್ಲಿ ಒಂದು ಪಾಲು, ಅಂದರೆ ಶೇ 3ಕ್ಕಿಂತ ತುಸು ಹೆಚ್ಚು ಒಳಬಿಡುತ್ತದೆ. 50ರದ್ದು ಶೇ 2. ‘ಒಂದು ಶೇ 97 ತಡೆದರೆ ಇನ್ನೊಂದು ಶೇ 98, ಏನು ಮಹಾ ವ್ಯತ್ಯಾಸ’ ಎಂಬ ಮಾತು ಕೇಳಿರುತ್ತೀರಿ. ಚರ್ಮಕ್ಕೆ ಲೆಕ್ಕಕ್ಕೆ ಬರುವುದು ತಡೆದದ್ದಲ್ಲ, ಒಳಹೋದದ್ದು. ಆ ಲೆಕ್ಕದಲ್ಲಿ 50ರದ್ದು ಮೂರನೇ ಒಂದಕ್ಕಿಂತ ಹೆಚ್ಚು ಉಳಿಸುತ್ತದೆ. ಎಲ್ಲರೂ ಹಚ್ಚಬೇಕಾದ್ದಕ್ಕಿಂತ ಕಡಿಮೆ ಹಚ್ಚುವವರೇ ಆದ್ದರಿಂದ ಬಿಸಿಲಿನ ದೇಶದಲ್ಲಿ 50 ಕೊಳ್ಳಿ ಎನ್ನುವುದು ನಮ್ಮ ಸಲಹೆ. ಆದರೆ ಅಂಟಂಟು ಎಂದು ನೀವು ಮೂಲೆಗೆ ಎಸೆಯುವ 50ಕ್ಕಿಂತ, ಇಷ್ಟಪಟ್ಟು ದಿನಾ ಧಾರಾಳವಾಗಿ ಹಚ್ಚುವ 30 ಮೇಲು.

ಪಿಎ ಎಂಬುದು ಜಪಾನಿನಿಂದ ಬಂದ ಗುರುತು. ಚರ್ಮದ ಆಳಕ್ಕಿಳಿದು ಕಪ್ಪಾಗಿಸುವ, ಸುಕ್ಕು ತರಿಸುವ ಯುವಿಎ ಕಿರಣದ ತಡೆ ಅದು. ನಾಲ್ಕು ಪ್ಲಸ್ ಎಂದರೆ ಮೇಲ್ಮಟ್ಟ. ಯೂರೋಪಿನಲ್ಲಿ ಇದರ ಬದಲು ವೃತ್ತದೊಳಗೆ ಯುವಿಎ ಎಂದು ಬರೆದಿರುತ್ತದೆ. ಯುವಿಎ ತಡೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಎಂಬುದು ಅದರ ಅರ್ಥ. ಬೇರೆ ಕಡೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಪದ ಹುಡುಕಿ. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಎಸ್‌ಪಿಎಫ್ 100 ಎಂದಿದ್ದರೂ ಬಿಟ್ಟುಬಿಡಿ. ಸುಡುವುದು ನಿಂತು, ಕಪ್ಪಾಗುವುದು ನಿಲ್ಲದಿರಬಹುದು.

ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಖನಿಜದ ಕ್ರೀಮುಗಳು ಉರಿ, ತುರಿಕೆಯ ಸ್ವಭಾವದ ಚರ್ಮಕ್ಕೂ ಚಿಕ್ಕ ಮಕ್ಕಳಿಗೂ ಒಗ್ಗುತ್ತವೆ. ಕಂದು ಮುಖಕ್ಕೆ ಹಚ್ಚಿದರೆ ಸುಣ್ಣ ಬಳಿದಂತೆ ಕಾಣುವುದು ಅವುಗಳ ದೋಷ. ಬಣ್ಣ ಬೆರೆಸಿದ್ದನ್ನು ಕೊಂಡರೆ ಆ ತೊಂದರೆ ತಪ್ಪುತ್ತದೆ. ಖನಿಜದ್ದು ಕಿರಣವನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ, ಇನ್ನೊಂದು ಬಗೆಯದ್ದು ಹೀರುತ್ತದೆ ಎಂಬ ಪ್ರಚಾರದ ಮಾತನ್ನು ಮರೆತುಬಿಡಿ. ಎರಡೂ ಹೆಚ್ಚಿನ ಪಾಲನ್ನು ಹೀರಿಯೇ ತಡೆಯುತ್ತವೆ.

ಒಂದು ಬಟ್ಟೆ ಒಗೆಯುವವರ ಮಾತು. ಬಿಳಿ ಅಂಗಿಯ ಕಾಲರಿನಲ್ಲಿ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಎದ್ದರೆ ಸನ್‌ಸ್ಕ್ರೀನಿನ ಅವೊಬೆನ್ಜೋನ್ ಎಂಬ ಅಂಶ ನೀರಿನ ಕಬ್ಬಿಣದೊಡನೆ ಸೇರಿದೆ ಎಂದರ್ಥ. ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಒಗೆಯುವ ಮೊದಲೇ ಕಾಲರಿಗೆ ಪಾತ್ರೆ ತೊಳೆಯುವ ದ್ರವ ತಿಕ್ಕಿ ಜಿಡ್ಡು ತೆಗೆಯಿರಿ. ತುಕ್ಕಿನ ಕಲೆಗೆಂದೇ ಸಿಗುವ ಮದ್ದು ಇದಕ್ಕೂ ಕೆಲಸ ಮಾಡುತ್ತದೆ.

ಪ್ರಶ್ನೆ: ದಿನಾ ಬೆಳಿಗ್ಗೆ ತಪ್ಪದೆ ಎಸ್‌ಪಿಎಫ್ 50 ಹಚ್ಚುತ್ತೇನೆ. ಆದರೂ ಮುಖ ಕಪ್ಪಾಗುತ್ತಿದೆ. ಮೋಸದ ಮಾಲೇ?

ಉತ್ತರ: ಮಾಲು ಸರಿಯಿರಬಹುದು, ಅಳತೆ ಸಾಲದು. ಡಬ್ಬಿಯ ಮೇಲಿನ ಅಂಕಿಯನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮನೆಯಲ್ಲಿ ಹೆಚ್ಚಿನವರು ಹಚ್ಚುವುದು ಅದರ ಅರ್ಧವೋ ಕಾಲೋ. ಅಷ್ಟಾದಾಗ 50 ಎಂಬುದು ಹೆಸರಿಗೆ ಮಾತ್ರ.

ಟೀ ಚಮಚದ ಲೆಕ್ಕ ನೆನಪಿಡುವುದು ಸುಲಭ. ಮುಖ, ಕಿವಿ, ಕತ್ತು ಸೇರಿ ಒಂದು ಚಮಚ. ಒಂದೊಂದು ತೋಳಿಗೆ ಒಂದೊಂದು, ಒಂದೊಂದು ಕಾಲಿಗೆ ಒಂದೊಂದು, ಎದೆ ಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಒಟ್ಟು 7 ಚಮಚ, ಸುಮಾರು 35 ಮಿಲಿಲೀಟರ್. ಕಡಲತೀರಕ್ಕೆ ಹೋಗುವವರು 100 ಮಿಲಿಯ ಟ್ಯೂಬು ಮೂರು ಸಲಕ್ಕೂ ಸಾಲದೆಂದು ತಿಳಿದೇ ಕೊಳ್ಳಬೇಕು. ಒಂದೇ ಟ್ಯೂಬು ಇಡೀ ವರ್ಷ ಬಂದಿದ್ದರೆ ಅದು ಹೆಮ್ಮೆಪಡುವ ಸಂಗತಿಯಲ್ಲ.

ಮುಖಕ್ಕೆ ಹಚ್ಚುವ ಬಗೆ ಹೀಗೆ. ಮಾಯಿಶ್ಚರೈಸರ್ ಹಚ್ಚುವವರು ಮೊದಲು ಅದನ್ನು ಹಚ್ಚಿ ಐದು ನಿಮಿಷ ಒಣಗಲು ಬಿಡಿ. ಒಣಗುವ ಮೊದಲೇ ಸನ್‌ಸ್ಕ್ರೀನ್ ಬಿದ್ದರೆ ಎರಡೂ ಸೇರಿ ಸಣ್ಣ ಸಣ್ಣ ಎಳೆಯಾಗಿ ಉರುಳಿ ಬರುತ್ತವೆ. ಬೇಕಾದಷ್ಟನ್ನು ಒಮ್ಮೆಗೇ ಸುರಿಯದೆ ಅರ್ಧವನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದ, ಕತ್ತಿನ ಮೇಲೆ ಚುಕ್ಕೆಯಿಟ್ಟು ಹರಡಿ. ಒಂದೆರಡು ನಿಮಿಷದ ಮೇಲೆ ಉಳಿದರ್ಧವನ್ನು ಅದೇ ರೀತಿ. ಎರಡನೆಯ ಸಲ ಕೈ ಮೊದಲು ಬಿಟ್ಟ ಜಾಗಗಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಕಿವಿಯ ತುದಿ, ಕತ್ತಿನ ಹಿಂಭಾಗ, ಕೂದಲಂಚು, ಬೈತಲೆ, ರೆಪ್ಪೆಯ ಸುತ್ತ, ಪಾದದ ಮೇಲ್ಭಾಗ. ಕ್ರೀಮಿನ ಅಂಗೈಯನ್ನು ಒರೆಸಿಬಿಡುವ ಬದಲು ಕೈಹಿಂಭಾಗಕ್ಕೆ ತಿಕ್ಕಿಕೊಳ್ಳಿ. ತುಟಿಗೆ ಎಸ್‌ಪಿಎಫ್ ಇರುವ ಲಿಪ್‌ಬಾಮ್ ಬೇರೆ ಬೇಕು.

ಹೊರಡುವ 20 ನಿಮಿಷ ಮೊದಲೇ ಹಚ್ಚಿದರೆ ಪದರ ಕೂಡಿಕೊಂಡು ಒಣಗುತ್ತದೆ. ಹೊರಗಿದ್ದಾಗ ಎರಡು ಗಂಟೆಗೊಮ್ಮೆ, ಈಜಿದ ಮೇಲೆ, ಬೆವರಿ ಟವೆಲಿನಿಂದ ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು. ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೂ ಅಮೆರಿಕದ ನಿಯಮದಲ್ಲಿ ಅದರರ್ಥ ನೀರಿನಲ್ಲಿ 40 ಅಥವಾ 80 ನಿಮಿಷ ತಡೆಯುತ್ತದೆ ಎಂದಷ್ಟೆ. ಸೊಳ್ಳೆ ಮುಲಾಮು ಹಚ್ಚುವ ಊರಾದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಮುಲಾಮು. ಸೊಳ್ಳೆ ಓಡಿಸುವ ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಎಸ್‌ಪಿಎಫ್ ಅನ್ನು ತಗ್ಗಿಸುತ್ತದೆ, ಆದ್ದರಿಂದ ಮತ್ತೆ ಹಚ್ಚುವುದನ್ನು ಇನ್ನೂ ಬೇಗ ಮಾಡಿ. ಎರಡೂ ಒಂದೇ ಟ್ಯೂಬಿನಲ್ಲಿ ಬರುವುದನ್ನು ಕೊಳ್ಳಬೇಡಿ: ಸನ್‌ಸ್ಕ್ರೀನಿನಷ್ಟು ಧಾರಾಳವಾಗಿ, ಅಷ್ಟು ಸಲ ಡೀಟ್ ಹಚ್ಚಬಾರದು. 30ರ ಕ್ರೀಮಿನ ಮೇಲೆ 15ರ ಪೌಡರು ಹಾಕಿದರೆ 45 ಆಗುವುದಿಲ್ಲ ಎಂಬುದನ್ನೂ ಸೇರಿಸಿಬಿಡುತ್ತೇವೆ, ಈ ಪ್ರಶ್ನೆ ಕೇಳಿದವರು ಒಬ್ಬಿಬ್ಬರಲ್ಲ.

ಪ್ರಶ್ನೆ: ಬೇಸಿಗೆಗೆಂದು ತೆಳು ಬಿಳಿ ಹತ್ತಿ ಅಂಗಿಗಳನ್ನು ಹೊಲಿಸಿಕೊಂಡಿದ್ದೇನೆ. ಸಾಕಲ್ಲವೇ?

ಉತ್ತರ: ಸೆಖೆಗೆ ಸಾಕು, ಯುವಿಗೆ ಸಾಲದು. ಬಟ್ಟೆಯ ತಡೆಯನ್ನು ಯುಪಿಎಫ್ ಎಂದು ಅಳೆಯುತ್ತಾರೆ. 50ಕ್ಕಿಂತ ಮೇಲಿದ್ದರೆ ಉತ್ತಮ ದರ್ಜೆ. ಸಾಧಾರಣ ತೆಳು ಬಿಳಿ ಹತ್ತಿ ಟೀಶರ್ಟಿನದು ಹತ್ತನ್ನೂ ಮುಟ್ಟುವುದಿಲ್ಲ, ಒದ್ದೆಯಾದರೆ ಇನ್ನೂ ಇಳಿಯುತ್ತದೆ. ಹಾಗೆಂದು ಹೊಸದನ್ನೇ ಕೊಳ್ಳಬೇಕಿಲ್ಲ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೇಯ್ಗೆಯ ಸಂದಿಯಲ್ಲಿ ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ, ಹಿಂದೆ ಹಿಡಿದ ಬೆರಳುಗಳ ಆಕಾರ ಕಾಣಿಸಿದರೆ ಆ ಅಂಗಿ ಸಂಜೆಗೆ. ಒತ್ತಾದ ನೇಯ್ಗೆ, ಗಾಢ ಬಣ್ಣ, ಪಾಲಿಯೆಸ್ಟರ್ ಬೆರೆತದ್ದು ಹೆಚ್ಚು ತಡೆಯುತ್ತವೆ. ಬಿಗಿಯಾಗಿ ಹಿಗ್ಗಿದ ಬಟ್ಟೆಯ ಸಂದಿಗಳೂ ಹಿಗ್ಗುತ್ತವೆ. ಆದ್ದರಿಂದ ತುಂಬು ತೋಳಿನ ಸಡಿಲ ಅಂಗಿಯೇ ಸರಿ. ಒಳಗೆ ಗಾಳಿಯೂ ಆಡುತ್ತದೆ. ಬಟ್ಟೆ ಮುಚ್ಚಿದ ಕಡೆ ಕ್ರೀಮಿನ ಖರ್ಚು ಉಳಿಯಿತು, ಎರಡು ಗಂಟೆಗೊಮ್ಮೆ ಹಚ್ಚುವ ಗೋಜೂ ಇಲ್ಲ. ನಮ್ಮನ್ನು ಕೇಳಿದರೆ ಮೊದಲ ಸ್ಥಾನ ಬಟ್ಟೆಗೆ, ನಂತರ ಕ್ರೀಮಿಗೆ.

ಕ್ರಿಕೆಟ್ ಟೋಪಿ ಹಣೆ, ಮೂಗನ್ನಷ್ಟೇ ಕಾಯುತ್ತದೆ, ಕಿವಿ ಮತ್ತು ಕತ್ತು ಬಯಲು. ಸುತ್ತಲೂ ಕನಿಷ್ಠ ಏಳೂವರೆ ಸೆಂಟಿಮೀಟರ್ ಅಂಚಿರುವ ಟೋಪಿ ಬೇಕು. ಹೆಣಿಗೆಯ ಹುಲ್ಲಿನ ಟೋಪಿಯಾದರೆ ತೂತುಗಳಿಲ್ಲದ್ದನ್ನು ನೋಡಿ ಕೊಳ್ಳಿ.

ಪ್ರಶ್ನೆ: ದಿನಕ್ಕೆ ಮೂರು ಗಂಟೆ ಕಾರಿನಲ್ಲಿ, ಗಾಜು ಏರಿಸಿ ಎಸಿ ಹಾಕಿಕೊಂಡೇ ಓಡಾಟ. ಒಂದೇ ಕೈ ಕಪ್ಪಾಗಿದೆ!

ಉತ್ತರ: ಕಿಟಕಿ ಪಕ್ಕದ ಕೈ ತಾನೇ? ಮಾಮೂಲಿ ಗಾಜು ಯುವಿಬಿಯನ್ನು ತಡೆದು ಯುವಿಎಯ ಬಹುಪಾಲನ್ನು ಒಳಬಿಡುತ್ತದೆ. ಹಾಗಾಗಿ ಸುಡುವುದಿಲ್ಲ, ಕಪ್ಪಾಗುತ್ತದೆ. ಕಾರಿನ ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು, ಅದು ಯುವಿಎಯನ್ನೂ ತಡೆಯುತ್ತದೆ. ಪಕ್ಕದ ಗಾಜುಗಳಲ್ಲಿ ಸಾಮಾನ್ಯವಾಗಿ ಆ ಹಾಳೆ ಇರುವುದಿಲ್ಲ. ಯುವಿ ತಡೆಯುವ ಪಾರದರ್ಶಕ ಫಿಲ್ಮ್ ಅಂಟಿಸಬಹುದು. ಎಷ್ಟು ಕಪ್ಪಿರಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಮೊದಲು ವಿಚಾರಿಸಿ. ಇಲ್ಲವಾದರೆ ಒಂದು ತೋಳಿನ ಹೊದಿಕೆ ಸಾಕು. ಕಚೇರಿಯಲ್ಲಿ ಕಿಟಕಿಗೆ ತಾಗಿ ಕೂರುವವರಿಗೂ ಇದೇ ಉತ್ತರ.

ಪ್ರಶ್ನೆ: ಮಗುವಿಗೆ ಐದು ತಿಂಗಳು, ದೊಡ್ಡವಳಿಗೆ ಏಳು ವರ್ಷ. ಇಬ್ಬರಿಗೂ ಒಂದೇ ಸನ್‌ಸ್ಕ್ರೀನ್ ಹಚ್ಚಬಹುದೇ?

ಉತ್ತರ: ಆರು ತಿಂಗಳು ತುಂಬುವವರೆಗೆ ನೆರಳು, ಮೈತುಂಬ ಬಟ್ಟೆ, ಟೋಪಿ. ಸನ್‌ಸ್ಕ್ರೀನ್ ಬೇಡ, ಬಿಸಿಲು ತಪ್ಪಿಸಲಾಗದೇ ಇದ್ದರೆ ಮಕ್ಕಳ ವೈದ್ಯರನ್ನು ಕೇಳಿ. ತಳ್ಳುಗಾಡಿಯ ಮೇಲೆ ಬಟ್ಟೆ ಇಳಿಬಿಡುವುದು ಎಲ್ಲೆಡೆ ಕಾಣುವ ತಪ್ಪು. ಗಾಳಿಯಾಡದೆ ಒಳಗಿನ ಬಿಸಿ ಬಹಳ ಬೇಗ ಏರುತ್ತದೆ, ಮಗುವಿನ ಮುಖವೂ ಕಾಣಿಸದು. ಗಾಡಿಗೆ ಸಿಕ್ಕಿಸುವ ಕೊಡೆ ಬಳಸಿ.

ದೊಡ್ಡವಳಿಗೆ ನೀವು ಬಳಸುವುದನ್ನೇ ಹಚ್ಚಬಹುದು. ಶಾಲೆಯ ಆಟದ ಬಿಡುವು ಮಧ್ಯಾಹ್ನವಾದ್ದರಿಂದ ಬೆಳಿಗ್ಗೆ ಮನೆಯಲ್ಲಿ ಹಚ್ಚಿದ್ದು ಅಷ್ಟರಲ್ಲಿ ಉಳಿದಿರುವುದಿಲ್ಲ. ಸ್ಟಿಕ್ ರೂಪದ್ದನ್ನು ಬ್ಯಾಗಿಗೆ ಹಾಕಿ, ಮೂಗು, ಕೆನ್ನೆ, ಕಿವಿಗೆ ನಾಲ್ಕು ಸಲ ಉಜ್ಜಲು ಕಲಿಸಿ. ಆಟದ ಮೈದಾನದಲ್ಲಿ ಲೋಹದ ಜಾರುಬಂಡಿ, ರಬ್ಬರ್ ನೆಲ, ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಚರ್ಮ ಸುಡುವಷ್ಟು ಕಾಯುತ್ತವೆ. ಮಗುವನ್ನು ಬಿಡುವ ಮೊದಲು ನಿಮ್ಮ ಕೈಹಿಂಭಾಗವನ್ನು ಐದು ಸೆಕೆಂಡು ಇಟ್ಟು ನೋಡಿ. ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಒಂದು ನಿಮಿಷಕ್ಕೂ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗೆ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ತುಸು ಇಳಿಸಿದರೂ ಹೆಚ್ಚೇನೂ ತಗ್ಗದು.

ಪ್ರಶ್ನೆ: ಕಪ್ಪು ಕನ್ನಡಕ ಎಷ್ಟು ಕಪ್ಪಗಿದ್ದರೆ ಒಳ್ಳೆಯದು?

ಉತ್ತರ: ಕಪ್ಪಿಗೂ ಯುವಿ ತಡೆಗೂ ಸಂಬಂಧವಿಲ್ಲ. ಯುವಿ 400 ಎಂದಿರಬೇಕು. ಆ ತಡೆ ಇಲ್ಲದ ಬರೀ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುವುದರಿಂದ ಹಾನಿ ಹೆಚ್ಚಬಹುದು. ‘ಪೋಲರೈಸ್ಡ್’ ಎಂಬುದು ನೀರು, ರಸ್ತೆಯ ಹೊಳಪು ತಗ್ಗಿಸುವ ಗುಣ ಮಾತ್ರ. ಕಪ್ಪಿನ ದರ್ಜೆ 0ರಿಂದ 4. ದಿನಬಳಕೆಗೆ 3, ವಾಹನ ಓಡಿಸುವವರು 4 ಹಾಕಲೇಬಾರದು. ಪಕ್ಕದಿಂದಲೂ ಬೆಳಕು ನುಸುಳದಂತೆ ಮುಖಕ್ಕೆ ಅಂಟಿ ಕೂರುವ ಆಕಾರ ಆರಿಸಿ. ಕಣ್ಣಿನ ಪೊರೆಗೂ, ಬಿಳಿಗುಡ್ಡೆಯಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸ ಬೆಳೆಯುವ ತೊಂದರೆಗೂ ಯುವಿ ಒಂದು ಕಾರಣ, ಇದರಲ್ಲಿ ಮೈಬಣ್ಣದ ರಿಯಾಯಿತಿ ಇಲ್ಲ.

ಪ್ರಶ್ನೆ: ಇಷ್ಟೆಲ್ಲ ಮುಚ್ಚಿಕೊಂಡರೆ ವಿಟಮಿನ್ ಡಿ ಗತಿ?

ಉತ್ತರ: ಕಂದು ಚರ್ಮಕ್ಕೆ ಅಷ್ಟೇ ವಿಟಮಿನ್ ಡಿ ತಯಾರಿಸಲು ಹೆಚ್ಚು ಬಿಸಿಲು ಬೇಕೆಂಬುದು ನಿಜ. ಗಾಜಿನ ಹಿಂದೆ ಕೂತರೆ ಒಂದಿಷ್ಟೂ ಆಗದು, ಬೇಕಾದ ಯುವಿಬಿಯನ್ನು ಗಾಜು ತಡೆದಿರುತ್ತದೆ. ದಿನವಿಡೀ ಒಳಗಿರುವವರು, ಮೈ ಪೂರ್ತಿ ಮುಚ್ಚುವ ಉಡುಪಿನವರು, ಗರ್ಭಿಣಿಯರು ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಕೊರತೆಯಿದ್ದರೆ ಮಾತ್ರೆ ಅಗ್ಗ, ಅಳತೆಯೂ ಖಚಿತ. ನಡುನೆತ್ತಿಯ ಬಿಸಿಲಲ್ಲಿ ನಿಂತು ಸರಿಪಡಿಸಿಕೊಳ್ಳುವ ಅಗತ್ಯವಿಲ್ಲ.

ಪ್ರಶ್ನೆ: ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತೇನೆ, ಇನ್ಸುಲಿನ್ ಕೂಡ ಇದೆ. ಬಿಸಿಲಿಗೂ ಔಷಧಕ್ಕೂ ಏನಾದರೂ ತಕರಾರಿದೆಯೇ?

ಉತ್ತರ: ಇದೆ. ರಕ್ತದೊತ್ತಡದ ಹೈಡ್ರೋಕ್ಲೋರೋಥಯಜೈಡ್, ಸೋಂಕಿಗೂ ಮಲೇರಿಯಾ ತಡೆಗೂ ಕೊಡುವ ಡಾಕ್ಸಿಸೈಕ್ಲಿನ್, ಹೃದಯದ ಅಮಿಯೋಡರೋನ್, ಮೊಡವೆಯ ಐಸೊಟ್ರೆಟಿನಾಯಿನ್, ನೋವಿಗೆ ಹಚ್ಚುವ ಕೀಟೊಪ್ರೊಫೇನ್ ಜೆಲ್ ಇವೆಲ್ಲ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮಗೊಳಿಸುತ್ತವೆ. ಹತ್ತು ನಿಮಿಷದ ಬಿಸಿಲಿಗೇ ಉರಿ, ದದ್ದು ಬಂದರೆ ಔಷಧವನ್ನು ಶಂಕಿಸಿ. ಆದರೆ ತಾವಾಗಿ ನಿಲ್ಲಿಸಬೇಡಿ, ಬದಲಿ ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಮೈಯ ನೀರು ಬೇಗ ಆರುತ್ತದೆ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ಬೆವರನ್ನೇ ತಗ್ಗಿಸುತ್ತವೆ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ನೀರು ಆರಿದರೆ ರಕ್ತದಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇರಬೇಕು, ಕಾರಿನ ಡ್ಯಾಶ್‌ಬೋರ್ಡು ಅದರ ಜಾಗವಲ್ಲ. ಐಸಿಗೆ ನೇರ ತಾಗಿಸಿ ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ.

ಔಷಧವೇ ಇಲ್ಲದೆ ಬರುವ ಇನ್ನೊಂದಿದೆ. ಹೊರಗೆ ನಿಂತು ನಿಂಬೆಹಣ್ಣು ಹಿಂಡಿ, ರಸ ಬಿದ್ದ ಕೈಯನ್ನು ಬಿಸಿಲಿಗೆ ಒಡ್ಡಿದರೆ ಒಂದೆರಡು ದಿನದ ಮೇಲೆ ರಸ ಹರಿದ ಗೆರೆಯಲ್ಲೇ ಗುಳ್ಳೆಯೆದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಸೋಪು ಹಾಕಿ ಕೈ ತೊಳೆದರೆ ಮುಗಿಯಿತು.

ಪ್ರಶ್ನೆ: ಮುಂದಿನ ವಾರದಿಂದ ಹೊರಾಂಗಣದಲ್ಲಿ ಕೆಲಸ, 40 ಡಿಗ್ರಿ ದಾಟುವ ಊರು. ಮೊದಲ ದಿನಗಳಲ್ಲಿ ಏನು ಜಾಗ್ರತೆ?

ಉತ್ತರ: ಸೆಖೆಗೆ ಬಲಿಯಾಗುವವರಲ್ಲಿ ಮೊದಲ ವಾರದವರೇ ಹೆಚ್ಚು. ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಶುರುವಾಗಿ ಹೆಚ್ಚು ಹರಿಯುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ. ಎಸಿ ಕೋಣೆಯಲ್ಲಿ ಕೂತು ಇದನ್ನು ಗಳಿಸಲಾಗದು. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಪೂರ್ಣ ಪಾಳಿಯ ಶೇ 20 ಮೀರಬಾರದು, ನಂತರ ದಿನಕ್ಕೆ ಶೇ 20ರಂತೆ ಏರಿಸಬೇಕು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್‌ನ ಸೂತ್ರ. ಮೇಸ್ತ್ರಿಗೆ ಇದನ್ನು ಮೊದಲ ದಿನವೇ ಹೇಳಿ. ಊರಿಗೆ ಬಂದು ತಿಂಗಳು ಕಳೆದು ಹಿಂದಿರುಗಿದಾಗ ಒಗ್ಗಿದ್ದು ಬಿಟ್ಟುಹೋಗಿರುತ್ತದೆ, ಮತ್ತೆ ಮೊದಲಿನಿಂದ ಶುರು.

ಬಾಯಾರಿಕೆಗೆ ಕಾಯದೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿ ನೀರು. ಗಂಟೆಗೆ ಒಂದೂವರೆ ಲೀಟರಿನ ಹತ್ತಿರ ಹೋಗಬೇಡಿ. ಬರೀ ನೀರು ಮಿತಿಮೀರಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಕೊನೆಗೆ ಅಪಸ್ಮಾರವೂ ಬರಬಹುದು. ಹಲವು ಗಂಟೆ ಬೆವರಿಳಿದರೆ ಓಆರ್‌ಎಸ್ ಒಳ್ಳೆಯದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ. ಮೂತ್ರ ತಿಳಿ ಹಳದಿಯಿದ್ದರೆ ಸರಿಯಿದೆ, ಗಾಢವಾದರೆ ಹಿಂದೆ ಬಿದ್ದಿದ್ದೀರಿ.

ತಲೆಸುತ್ತು, ಸೆಳೆತ, ಸುಸ್ತು ಬಂದರೆ ನೆರಳಿಗೆ ಹೋಗಿ ಕಾಲು ಎತ್ತಿ ಮಲಗಿ, ನೀರು ಕುಡಿಯಿರಿ. ಜೊತೆಗಾರ ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಕರೆದರೆ ಓಗೊಡದಿದ್ದರೆ ಅದು ಉಷ್ಣಾಘಾತ. ಮೈ ಒಣಗಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವನ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಆಂಬ್ಯುಲೆನ್ಸಿಗೆ ಕರೆ ಮಾಡಿ, ಬರುವವರೆಗೆ ಕಾಯದೆ ತಂಪು ಮಾಡಿ: ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಇಳಿಸಿ, ತಲೆ ಮುಳುಗದಂತೆ ಒಬ್ಬರು ಹಿಡಿದಿರಿ, ತೊಟ್ಟಿಯಿಲ್ಲದಿದ್ದರೆ ಮೈಮೇಲೆ ನೀರು ಸುರಿಯುತ್ತಲೇ ಗಾಳಿ ಬೀಸಿ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡದು, ಇದು ಜ್ವರವಲ್ಲ.

ಪ್ರಶ್ನೆ: ಬೆನ್ನು ಸುಟ್ಟು ಗುಳ್ಳೆಯೆದ್ದಿದೆ. ಮನೆಮದ್ದು ಹೇಳಿ.

ಉತ್ತರ: ಬಿಸಿಲಿನ ಸುಟ್ಟಗಾಯ ಕಾಣಿಸಿಕೊಳ್ಳಲು ಮೂರರಿಂದ ಆರು ಗಂಟೆ ಬೇಕು, ಉಲ್ಬಣಿಸುವುದು 12ರಿಂದ 24 ಗಂಟೆಯಲ್ಲಿ. ಆದ್ದರಿಂದ ಸಂಜೆ ಸ್ವಲ್ಪ ಉರಿ ಎನಿಸಿದಾಗಲೇ ಬಿಸಿಲು ಬಿಟ್ಟು ಒಳಗೆ ಬನ್ನಿ. ತಣ್ಣೀರಿನ ಸ್ನಾನ ಅಥವಾ ಒದ್ದೆ ಬಟ್ಟೆ ಹತ್ತು, ಹದಿನೈದು ನಿಮಿಷ, ದಿನಕ್ಕೆ ಹಲವು ಸಲ. ಮೈ ತೇವವಿರುವಾಗಲೇ ಸುಗಂಧವಿಲ್ಲದ ಮಾಯಿಶ್ಚರೈಸರ್ ಅಥವಾ ಲೋಳೆಸರದ ಜೆಲ್ ಹಚ್ಚಿ. ನೋವಿಗೆ ಐಬುಪ್ರೊಫೇನ್ ಆಗುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ಮತ್ತು ಗರ್ಭಿಣಿಯರಿಗೆ ಬೇಡ. ಐಸು, ಎಣ್ಣೆ, ಟೂತ್‌ಪೇಸ್ಟು ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಜ್ವರ, ನಡುಕ, ವಾಂತಿ ಇದ್ದರೆ, ಬೆನ್ನಿನ ಬಹುಭಾಗ ಗುಳ್ಳೆಯಾಗಿದ್ದರೆ, ಕೀವು ಕಂಡರೆ, ಸುಟ್ಟಿರುವುದು ಚಿಕ್ಕ ಮಗುವಿಗಾದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕಳೆದ ವರ್ಷದ ಅರ್ಧ ಟ್ಯೂಬು ಸನ್‌ಸ್ಕ್ರೀನ್ ಕಾರಿನಲ್ಲೇ ಉಳಿದಿದೆ. ಬಳಸಬಹುದೇ?

ಉತ್ತರ: ತಂಪಿನಲ್ಲಿ ಇಟ್ಟಿದ್ದು ದಿನಾಂಕ ಮೀರಿರದಿದ್ದರೆ ಬಳಸಬಹುದಿತ್ತು. ಬೇಸಿಗೆಯೆಲ್ಲ ಕಾರಿನಲ್ಲಿ ಕಾದದ್ದು ಬೇಡ. 30 ಡಿಗ್ರಿ ಮೀರಿದ ಜಾಗದಲ್ಲಿ ಹೆಚ್ಚು ಕಾಲವಿದ್ದರೆ ಒಳಗಿನ ಎಣ್ಣೆ, ನೀರು ಬೇರ್ಪಟ್ಟು ಪದರ ಸಮನಾಗಿ ಕೂರುವುದಿಲ್ಲ. ಹಿಂಡಿದಾಗ ಮೊದಲು ತಿಳಿನೀರು ಬಂದು ಆಮೇಲೆ ಗಟ್ಟಿ ಬಂದರೆ ಕೆಟ್ಟಿದೆ ಎಂಬುದು ಖಾತ್ರಿ. ಹೊಸ ಟ್ಯೂಬು ತೆರೆದ ದಿನವೇ ಅದರ ಮೇಲೆ ಮಾರ್ಕರಿನಲ್ಲಿ ದಿನಾಂಕ ಬರೆದಿಡಿ. ಹೊರಗೆ ಒಯ್ಯುವಾಗ ನೀರಿನ ಬಾಟಲಿಯ ಜೊತೆ ಟವೆಲಿನಲ್ಲಿ ಸುತ್ತಿ ಚೀಲದ ನಡುವೆ ಇಡಿ.